ಈ ದಿನ ಪೈಪಿನಲ್ಲಿ ಹರಿಯುವುದು

ಹಾಲುಗುಡ್ಡ ಎಸ್ಟೇಟ್,
ಬಾಳ್ಳುಪೇಟೆ ಅಂಚೆ
18-11-1985, ಸೋಮವಾರ

ಪ್ರಿಯ ದೇವೀರಪ್ಪ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಬೈಯಬೇಡ ಅನ್ನುವ ಮುಖ ನನಗಿಲ್ಲ, ಬೈದುಬಿಡು. ಕೊಯ್ಲು ಹತ್ತಿರ ಬಂತು, ಲೂಯಿಜಾಳಿಗೆ ಮಂಡಿನೋವು, ನನಗೆ ಕಣ್ಣಿನ ಪೊರೆ, ಹೀಗೆ ಎಷ್ಟು ನೆಪ ಬೇಕಾದರೂ ಬರೆಯಬಲ್ಲೆ. ಮೂವತ್ತು ವರ್ಷ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದವನಿಗೆ ನೆಪ ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಿಜ ಏನೆಂದರೆ, ನೀನು ಕೇಳಿದ ಒಂದು ಪ್ರಶ್ನೆಗೆ ಹೆದರಿ ಪೆನ್ನು ಮುಟ್ಟಿರಲಿಲ್ಲ.

ಶಿವಗಂಗಾಳ ಸಂಬಂಧ ಮುರಿದುಹೋದ ಸುದ್ದಿ ಓದಿ ಲೂಯಿಜಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ತಾಯಿ ವಿಷ ಕುಡಿದು ಸತ್ತ ಮನೆಯ ಹೆಣ್ಣು’ ಅಂದರಂತಲ್ಲ ಗಂಡಿನ ಕಡೆಯವರು. ಆಮೇಲೆ ಹುಡುಗಿ ನಿನ್ನೆದುರು ನಿಂತು, “ಅಪ್ಪಾ, ಅಮ್ಮ ಯಾಕೆ ಕುಡಿದಳು?” ಎಂದು ಕೇಳಿದಳಂತೆ. ಜಗದಾಂಬನವರು ತೀರಿಕೊಂಡ ಆ ಭಾನುವಾರ ಬೆಳಿಗ್ಗೆ ನೀನು ಅವರ ಮೇಲೆ ರೇಗಿದ್ದು, “ಊರಿಗೆಲ್ಲ ಅಕ್ಷರ ಹಂಚಿಕೊಂಡು ತಿರುಗು, ಮನೆ ಹಾಳಾಗಲಿ” ಎಂದದ್ದು, ಅವರು ಕೊಡ ಎತ್ತಿಕೊಂಡು ಹೊರಟದ್ದು, ಇಷ್ಟನ್ನೂ ಆರೂವರೆ ವರ್ಷದ ಮೇಲೆ ಮೊದಲ ಸಲ ನನಗೆ ಬರೆದಿದ್ದೀಯ. “ನನ್ನ ಮಾತೇ ಅವಳನ್ನು ಕೊಂದಿತಾ? ಹೋಗುವ ಮುಂಚೆ ಯಾರ ಹತ್ತಿರವಾದರೂ ಏನಾದರೂ ಅಂದಿದ್ದಳಾ? ಗೊತ್ತಿದ್ದರೆ ಮುಚ್ಚಿಡಬೇಡ” ಎಂದು ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ, ಅದೂ ಇದೂ ಒಂದಕ್ಕೊಂದು ಸೇರಿಕೊಂಡಿವೆ.

ಹೋದ ವಾರ ಒಬ್ಬ ಆಫೀಸರ್ ಜೀಪಿನಲ್ಲಿ ಬಂದಿದ್ದರು. ಭೋಪಾಲಿನ ಅನಾಹುತ ಆದಮೇಲೆ ಎಲ್ಲೆಲ್ಲಿ ಯಾವ ವಿಷ ಇದೆ, ಯಾವ ದಾರಿಯಲ್ಲಿ ಹೋಗುತ್ತದೆ, ಸುತ್ತಮುತ್ತಲ ಜನಕ್ಕೆ ಅದನ್ನು ತಿಳಿಸುವ ಏರ್ಪಾಡು ಏನಿದೆ ಎಂದು ಪಟ್ಟಿ ಮಾಡುತ್ತಿದ್ದಾರಂತೆ. ಎಳೆಯ ಪ್ರಾಯದವರು, ಒಳ್ಳೆಯವರು. ಪಂಚಾಯ್ತಿಯ ಹಳೇ ಕಡತದಲ್ಲಿ ನೀನು ಬರೆದ ನಿರ್ಣಯ ಅವರ ಕೈಗೆ ಸಿಕ್ಕಿದೆ. “ಇದನ್ನ ಬರೆದ ಸೆಕ್ರೆಟರಿ ಎಲ್ಲಿದ್ದಾರೆ? ಹತ್ತು ವರ್ಷದ ಹಿಂದೆ ಈ ಗುಡ್ಡದಲ್ಲಿ ಕೂತು ಇಂಥಾದ್ದನ್ನ ಯೋಚನೆ ಮಾಡಿದ್ದಾರಲ್ಲ!” ಎಂದು ಆಶ್ಚರ್ಯಪಟ್ಟರು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಅವರಿಗೆ ಎಲ್ಲವನ್ನೂ ಮೊದಲಿಂದ ವಿವರಿಸಿದೆ. ನಮ್ಮ ಗುಡ್ಡದ ತಲೆಯ ಮೇಲಿನ ಟ್ಯಾಂಕಿಯಿಂದ ಕೆಳಗಿನ ಕಾಫಿತೋಟದ ಬ್ಲಾಕಿನವರೆಗೆ ಒಂದೇ ಕಬ್ಬಿಣದ ಪೈಪು, ಅದರಲ್ಲೇ ಮೂರೂ ಹರಿಯಬೇಕು ಎಂದೆ. ಬೇಸಿಗೆಯಲ್ಲಿ ಕುಡಿಯುವ ನೀರು, ಮಳೆಗೆ ಮುಂಚೆ ಎಲೆಗೆ ಹೊಡೆಯುವ ಮೈಲುತುತ್ತ-ಸುಣ್ಣ, ನಡುವೆ ಕಾಂಡಕೊರಕ ಹುಳಕ್ಕೆ ಹೊಡೆಯುವ ವಿಷ. ಯಾವ ದಿನ ಏನು ಎಂದು ಕೂಲಿಲೈನಿನ ಮನೆಗಳ ಹೆಂಗಸರಿಗೆ ತಿಳಿಯಲು ಟ್ಯಾಂಕಿ ಕಾಯುವ ಕುಳ್ಳಯ್ಯ ಬೆಳಿಗ್ಗೆ ಏಳಕ್ಕೆ ಸಲಾಕೆಯಿಂದ ಪೈಪಿನ ಮೇಲೆ ಬಡಿಯುತ್ತಿದ್ದ. ಒಂದು ಬಡಿತಕ್ಕೆ ನೀರು, ಎರಡಕ್ಕೆ ಸುಣ್ಣ, ಮೂರಕ್ಕೆ ವಿಷ. ಕಬ್ಬಿಣದೊಳಗೆ ಆ ಸದ್ದು ಒಂದೂವರೆ ಮೈಲಿ ಓಡಿ ಬರುತ್ತಿತ್ತು. ಆಮೇಲೆ ಪೈಪು ಊರಿನ ಗಾಡಿದಾರಿ ದಾಟಬೇಕಾಗಿ ಬಂದಾಗ ಪಂಚಾಯ್ತಿ ಎರಡು ಷರತ್ತು ಹಾಕಿತು, ದಾರಿಯಲ್ಲಿ ಊರಿಗೊಂದು ನಲ್ಲಿ, ನಲ್ಲಿಯ ಪಕ್ಕ ಒಂದು ಕರಿಹಲಗೆ. “ಬಡಿತ ಸಾಕ್ಷಿಗೆ ಬರಲ್ಲ ಕಣೋ, ಬರಹ ಬೇಕು” ಎಂದು ನನ್ನೊಡನೆ ಅಂದು, ನೀನು ಚೇರ್ಮನ್ ಶಾಂತಮಲ್ಲಪ್ಪನವರ ಹತ್ತಿರ ಹಟ ಮಾಡಿ ಬರೆಸಿದ ಮಾತು ಅದು. ‘ಈ ದಿನ ಪೈಪಿನಲ್ಲಿ ಹರಿಯುವುದು’ ಎಂದು ಮೇಲೆ ಬಣ್ಣದಲ್ಲಿ, ಅದರ ಕೆಳಗೆ ಒಂದೇ ಶಬ್ದ ಸೀಮೆಸುಣ್ಣದಲ್ಲಿ. ಬರೆಯುವ ಹೊಣೆ ಎಸ್ಟೇಟ್ ರೈಟರನದು, ಅಂದರೆ ನನ್ನದು.

ಜಗದಾಂಬನವರು ಸಂಜೆ ಶಾಲೆ ಶುರುಮಾಡಿ ಲೈನಿನ ಹೆಂಗಸರಿಗೆ ಆ ಹಲಗೆಯಿಂದಲೇ ಅಕ್ಷರ ಕಲಿಸಿದ್ದನ್ನೂ ಹೇಳಿದೆ. ಎಲ್ಲರೂ ಅ, ಆ ಇಂದ ಶುರುಮಾಡಿದರೆ ಅವರು ನೀರು, ಸುಣ್ಣ, ವಿಷ ಎಂದು ಶುರುಮಾಡಿದ್ದರು. ಆಫೀಸರ್ ಅದನ್ನೂ ಬರೆದುಕೊಂಡರು. ಕೊನೆಗೆ, “ಏನಾದರೂ ಅಪಘಾತ?” ಎಂದರು. ಪೊಲೀಸ್ ಕಾಗದ ಅವರ ಹತ್ತಿರವೇ ಇತ್ತು, ಅವರೇ ಓದಿದರು. 1979ರ ಮೇ 6, ಭಾನುವಾರ. ಹಲಗೆಯ ಮೇಲೆ ‘ವಿಷ’ ಎಂದು ಬರೆದಿತ್ತು, ಮೂರು ಬಡಿತವೂ ಕೇಳಿತ್ತು, ಆದರೂ ಓದುಬರಹ ಬಲ್ಲ ಹೆಂಗಸು ನಲ್ಲಿಯಿಂದ ಕುಡಿದಿದ್ದಾಳೆ. ಆದ್ದರಿಂದ ಆತ್ಮಹತ್ಯೆ. “ಅಂದರೆ ನಿಯಮದ ತಪ್ಪೇನೂ ಇಲ್ಲ. ಇದನ್ನೇ ಮಾದರಿ ಅಂತ ಮೇಲಕ್ಕೆ ಕಳಿಸುತ್ತೇನೆ. ನೀವೊಂದು ಹೇಳಿಕೆ ಬರೆದಿಡಿ, ಗುರುವಾರ ಬಂದು ಸಹಿ ತೆಗೆದುಕೊಳ್ಳುತ್ತೇನೆ” ಎಂದು ಹೋದರು.

ಇನ್ನು ಕುಳ್ಳಯ್ಯನ ವಿಷಯ. ಶ್ರಾವಣದಲ್ಲಿ ತೀರಿಕೊಂಡ. ಜಗದಾಂಬನವರು ಹೋದ ದಿನದಿಂದ ಅವನು ಸಲಾಕೆ ಮುಟ್ಟಿರಲಿಲ್ಲ, ಆ ಕೆಲಸಕ್ಕೆ ಬೇರೆಯವರನ್ನು ಇಟ್ಟಿದ್ದರು. ಸಾಯುವ ಹಿಂದಿನ ದಿನ ನೋಡಲು ಹೋಗಿದ್ದೆ. ನನ್ನ ಕೈ ಹಿಡಿದುಕೊಂಡು, “ರೈಟರ್ ಸಾಮಿ, ನಾನು ಮೂರು ಬಡ್ದಿದ್ದೆ. ಜೋರಾಗೇ ಬಡ್ದಿದ್ದೆ. ಟೀಚರಮ್ಮಂಗೆ ಕೇಳಿಸ್ಲೇ ಇಲ್ವಾ?” ಎಂದು ಕೇಳಿದ. ಕೇಳಿಸಿರಬೇಕು ಕುಳ್ಳಯ್ಯಾ ಎಂದೆ. “ಇಲ್ಲ ಸಾಮಿ, ಕೇಳಿಸಿಲ್ಲ. ಇನ್ನೂ ಜೋರಾಗಿ ಬಡೀಬೇಕಿತ್ತು” ಎಂದ. ಅದೇ ಅವನು ನನ್ನೊಡನೆ ಆಡಿದ ಕೊನೆಯ ಮಾತು.

ಅವನನ್ನು ಮಣ್ಣುಮಾಡಿ ಬಂದ ಮೂರನೆಯ ಭಾನುವಾರ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಲೂಯಿಜಾ ಒಲೆಯ ಮುಂದೆ ಇದ್ದಳು. ಠಣ್, ಠಣ್, ಠಣ್ ಎಂದು ಕೇಳಿತು. ಲೂಯಿಜಾ ತಲೆ ಎತ್ತದೆ, “ಇವತ್ತು ವಿಷ ಬಿಡ್ತಾರೆ ಕಾಣುತ್ತೆ” ಎಂದಳು. ಹಾಗಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಪೈಪು ನಿಂತು ನಾಲ್ಕು ವರ್ಷವಾಗಿದೆ ದೇವೀರಪ್ಪ. ಈಗ ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾನಿನಲ್ಲೇ ಎಲ್ಲ ಹೊಡೆಯುವುದು. ಟ್ಯಾಂಕಿಯೊಳಗೆ ಹಾವು ಮಲಗುತ್ತದೆ.

ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ ಎಂದು ಲೂಯಿಜಾಳಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಮುಂದಿನ ಭಾನುವಾರವೂ ಏಳಕ್ಕೇ ಮೂರು. ಅದರ ಮುಂದಿನದೂ ಹಾಗೇ. ವಾರದ ಬೇರೆ ದಿನ ಏನೂ ಇಲ್ಲ. ಲೈನಿನ ಕಡೆ ಇಳಿದು ನೋಡಿದರೆ ಪ್ರತಿ ಮನೆಯ ಬಾಗಿಲಲ್ಲೂ ಕೊಡಗಳನ್ನು ಬೋರಲು ಹಾಕಿಟ್ಟಿದ್ದರು. ಯಾರೂ ಯಾರಿಗೂ ಏನೂ ಹೇಳಿದಂತಿರಲಿಲ್ಲ. ಅವರ ನೀರು ಈಗ ಬಾವಿಯದು, ಪೈಪಿಗೂ ಬಾವಿಗೂ ಸಂಬಂಧವೇ ಇಲ್ಲ, ಆದರೂ ಭಾನುವಾರ ಮಧ್ಯಾಹ್ನದವರೆಗೆ ಒಬ್ಬರೂ ಹಗ್ಗ ಇಳಿಬಿಡುವುದಿಲ್ಲ. ಕೂಸುಗಳಿಗೆ ಸಹ ಶನಿವಾರದ ನೀರೇ.

ಹೊಸ ಮ್ಯಾನೇಜರಿಗೆ ಇದು ಕಿರಿಕಿರಿಯಾಯಿತು. ಫಿಟ್ಟರ್ ಸುಬ್ಬಯ್ಯನನ್ನು ಕರೆಸಿ ಪೈಪಿನ ಜಾಯಿಂಟುಗಳನ್ನು ಬಿಚ್ಚಿಸಿದರು. ಒಳಗೆ ಒಣಮಣ್ಣು, ಜೇಡರಬಲೆ, ಅಷ್ಟೇ. ಹಾಗಾದರೆ ಕಿತ್ತೇಬಿಡಿ ಎಂದರು. ಅಕ್ಟೋಬರ್ ಪೂರ್ತಿ ಅಗೆದು, ಎಲ್ಲ ತುಂಡುಗಳನ್ನೂ ಸ್ಟೋರಿನ ಹಿಂದೆ ಪೇರಿಸಿ ಆಯಿತು. ಅದಾದ ಮೊದಲ ಭಾನುವಾರ ನಾನೂ ಸುಬ್ಬಯ್ಯನೂ ಖಾಲಿ ಚರಂಡಿಯಲ್ಲಿ ಇಳಿದು ನಿಂತಿದ್ದೆವು. ಏಳು ಗಂಟೆಗೆ ಬಡಿಯಿತು. ಸ್ಟೋರಿನ ಕಡೆಯಿಂದಲ್ಲ, ನಾವು ನಿಂತ ಮಣ್ಣಿನಿಂದ. ಕಿವಿಗಿಂತ ಮುಂಚೆ ಅಂಗಾಲಿಗೆ ಗೊತ್ತಾಯಿತು. ಸುಬ್ಬಯ್ಯ ಮೇಲಕ್ಕೆ ಹಾರಿ ನಿಂತು, “ಕಬ್ಬಿಣ ಇಲ್ಲ, ಬಡಿಯೋನೂ ಇಲ್ಲ. ಎಲ್ಲಿಂದ ಬತ್ತೈತೆ ಸಾಮಿ ಇದು? ನಂಗೆ ಬ್ಯಾರೆ ಕೆಲಸ ಕೊಡ್ಸಿ, ಇದ್ರ ಹತ್ರ ಮಾತ್ರ ಕರೀಬ್ಯಾಡಿ” ಎಂದ. ನನಗೂ ಓಡಬೇಕೆನಿಸಿತು.

ನಿನ್ನೆ ಭಾನುವಾರ. ಲೂಯಿಜಾಳನ್ನು ಒಬ್ಬಳನ್ನೇ ಸಕಲೇಶಪುರದ ಚರ್ಚಿನ ಪೂಜೆಗೆ ಕಳಿಸಿ, ನಾನು ಗಾಡಿದಾರಿಯ ಹತ್ತಿರ ಹೋದೆ. ಹತ್ತು ಮಾರಿನಾಚೆ ಏನೂ ಕಾಣದಷ್ಟು ಮಂಜು. ನಲ್ಲಿ ಇದ್ದ ಕಡೆ ಒಂದು ತಟ್ಟೆಯಗಲ ನೆಲ ಬೆಳ್ಳಗೆ ಒದ್ದೆಯಾಗಿತ್ತು. ಪೈಪೇ ಇಲ್ಲದ ಮೇಲೆ ಅಲ್ಲಿಗೆ ಒದ್ದೆ ಎಲ್ಲಿಂದ ಬರಬೇಕು ಹೇಳು. ಕರಿಹಲಗೆ ಮಾತ್ರ ಹಾಗೇ ನಿಂತಿದೆ. ಈ ವರ್ಷ ಅದಕ್ಕೆ ಬ್ಯಾಟರಿ ಸೆಲ್ಲಿನ ಕರಿ ಅರೆದು ಮೂರು ಸಲ ಬಳಿಸಿದ್ದೇನೆ, ಯಾಕೆ ಅಂತ ಕೇಳಬೇಡ, ಆಮೇಲೆ ಹೇಳುತ್ತೇನೆ. ಮಂಜು ತಾಗಿ ಹಲಗೆಯ ಮೇಲೆ ನೀರಿಳಿಯುತ್ತಿತ್ತು. ಬಳಿದ ಕರಿಯ ಅಡಿಯಿಂದ ಹಳೆಯ ಅಕ್ಷರ ಬೆಳ್ಳಗೆ ಏಳುತ್ತಿತ್ತು. ನನ್ನದೇ ಅಕ್ಷರ, ನನ್ನದೇ ಕೊಂಬು, ನನ್ನದೇ ದೀರ್ಘ.

ಮೂರು ಬಡಿಯಿತು. ತಿರುಗಿ ನೋಡಿದರೆ ಹಿಂದೆ ಪಾರ್ವತಮ್ಮ ನಿಂತಿದ್ದಳು. ನಿನಗೆ ಅವಳ ನೆನಪಿರಬೇಕು, ಸಂಜೆ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಓದಲು ಕಲಿತವಳು, ಜಗದಾಂಬನವರು ಯಾವಾಗಲೂ ಹೊಗಳುತ್ತಿದ್ದ ಹೆಂಗಸು. ಅವರು ಸತ್ತ ಮೇಲೆ ಓದುವುದನ್ನೇ ಬಿಟ್ಟಳು. ಬಸ್ಸಿನ ಬೋರ್ಡು ಬಂದರೂ ಮುಖ ತಿರುಗಿಸಿ, ಪಕ್ಕದವರನ್ನು ಕೇಳುತ್ತಾಳೆ. ಅವಳೀಗ ನನ್ನನ್ನು ದಾಟಿ ಹಲಗೆಯ ಮುಂದೆ ನಿಂತು ಬೆರಳು ಎತ್ತಿದಳು. “ಓದಬೇಡ ಪಾರ್ವತಮ್ಮ” ಎಂದೆ. ಅವಳು ಕೇಳಲಿಲ್ಲ. ಕೂಡಿಸಿ ಕೂಡಿಸಿ ಓದಿದಳು. ಓದಿ, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದಳು.

ಇವತ್ತಿಗೆ ಇಷ್ಟು ಸಾಕು. ನಿನ್ನ ಎದೆಯುರಿ ಹೇಗಿದೆ? ಲೂಯಿಜಾ ಒಣ ನೆಲ್ಲಿಚೆಟ್ಟು ಕಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕೊಟ್ಟು ಕಳಿಸುತ್ತೇನೆ. ಶಿವಗಂಗಾಳಿಗೆ ನಮ್ಮಿಬ್ಬರ ಆಶೀರ್ವಾದ. ಅವಳು ತಲೆ ಎತ್ತಿ ನಡೆಯುವ ಮನೆ ಅವಳಿಗೆ ಸಿಗಲಿ, ದೇವರು ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ.

ಇಂತು ನಿನ್ನ ಗೆಳೆಯ,
ವಲೇರಿಯನ್

ಮರೆತ ಮಾತು: ಮರೆತದ್ದಲ್ಲ. ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ.

ಆ ದಿನ ಹಲಗೆಯ ಮೇಲೆ ಇದ್ದದ್ದು ‘ನೀರು’.

ಬರೆದವನು ನಾನು. ಭಾನುವಾರ ಯಾವಾಗಲೂ ನೀರೇ ಬಿಡುತ್ತಿದ್ದರಿಂದ ಶನಿವಾರ ಮಧ್ಯಾಹ್ನವೇ ಬರೆದಿಟ್ಟಿದ್ದೆ. ಸಕಲೇಶಪುರದಲ್ಲಿ ಲೂಯಿಜಾಳ ಅಣ್ಣನ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವುದಿತ್ತು, ಅಲ್ಲಿಗೆ ಹೊರಟಿದ್ದೆವು. ಬಸ್ಸಿಗೆಂದು ಗುಡ್ಡ ಇಳಿಯುವಾಗ ಆಗಿನ ಮ್ಯಾನೇಜರ್ ಕೂಗಿ ಹೇಳಿದರು, ಸೋಮವಾರ ಆಳುಗಳೆಲ್ಲ ಮದುವೆಗೆ ಹೋಗುತ್ತಾರೆ, ನಾಳೆಯೇ ಕಾಂಡಕೊರಕದ ಔಷಧಿ ಬಿಡುತ್ತೇವೆ ಎಂದು. ಸರಿ ಸಾರ್ ಎಂದೆ. ಹಲಗೆ ಬದಲಾಯಿಸಲು ಒಂದು ಮೈಲಿ ಹಿಂದೆ ಹೋಗಬೇಕಿತ್ತು, ಬಸ್ಸು ತಪ್ಪುತ್ತಿತ್ತು. ಕುಳ್ಳಯ್ಯ ಹೇಗೂ ಬಡಿಯುತ್ತಾನೆ, ಜನ ಹೇಗೂ ಅದನ್ನೇ ಕೇಳುತ್ತಾರೆ ಎಂದುಕೊಂಡೆ. ಸುಣ್ಣ ಬಿಟ್ಟ ಮೇಲೆ ಆ ನಲ್ಲಿಯ ನೀರು ತಿಂಗಳುಗಟ್ಟಲೆ ಬೆಳ್ಳಗೆ, ಘಾಟಾಗಿ ಬರುತ್ತಿದ್ದುದು ನಿನಗೆ ಗೊತ್ತು. ನೋಡಿ ತಿಳಿಯುವ ಹಾಗೆ ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬಂದು ಇಳಿದಾಗ ಊರೆಲ್ಲ ನಿನ್ನ ಮನೆಯ ಮುಂದೆ ಇತ್ತು. ಗಾಡಿದಾರಿಯಲ್ಲಿ ಒಬ್ಬರೂ ಇರಲಿಲ್ಲ. ಕರವಸ್ತ್ರದಿಂದ ‘ನೀರು’ ಒರೆಸಿ ‘ವಿಷ’ ಎಂದು ಬರೆದೆ. ಆಮೇಲೆ ನಿನ್ನ ಮನೆಗೆ ಬಂದು ನಿನ್ನನ್ನು ಹಿಡಿದುಕೊಂಡು ಅತ್ತೆ. ಅಳು ಸುಳ್ಳಲ್ಲ, ಆದರೆ ಆ ಕೈಯ ಮೇಲೆ ಇನ್ನೂ ಸೀಮೆಸುಣ್ಣ ಇತ್ತು.

ಪಾರ್ವತಮ್ಮ ಅವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ಇದ್ದಳು. ಮೂರು ಬಡಿತ ಕೇಳಿ, “ಟೀಚರಮ್ಮ, ಬ್ಯಾಡ ಕಣ್ರವ್ವ” ಎಂದಳಂತೆ. ಜಗದಾಂಬನವರು ನಕ್ಕು, “ಕುಳ್ಳಯ್ಯಂಗೆ ಭಾನುವಾರ ಯಾವುದು ಅಂತ್ಲೇ ಗೊತ್ತಿರಲ್ಲ. ಹಲಗೆ ನೋಡು, ನೀನೇ ಓದು” ಎಂದರಂತೆ. ಇವಳು ‘ನೀರು’ ಎಂದು ಓದಿದ್ದಾಳೆ. ಮೊದಲ ಸಲ ತಡೆಯದೆ ಓದಿದಳೆಂದು ಅವರಿಗೆ ಖುಷಿಯಾಗಿ, ಬೊಗಸೆ ಒಡ್ಡಿ ಹೊಟ್ಟೆತುಂಬ ಕುಡಿದರಂತೆ. ಆಮೇಲೆ ಅವಳು ನನ್ನ ಹತ್ತಿರವೇ ಓಡಿಬಂದಳು, ಅಕ್ಷರ ಬಲ್ಲವನು ಅಂತ. ನಾನು ಅವಳನ್ನು ಹಲಗೆಯ ಮುಂದೆ ಕರೆದುಕೊಂಡು ಹೋಗಿ, “ನೋಡು, ವಿಷ ಅಂತ ಇದೆ. ನೀನು ತಪ್ಪು ಓದಿದ್ದೀಯ. ಬಾಯಿಬಿಟ್ಟರೆ ಪೊಲೀಸರು ನಿನ್ನನ್ನೇ ಎಳೆದುಕೊಂಡು ಹೋಗ್ತಾರೆ” ಎಂದೆ. ಅವಳು ನಂಬಿದಳು. ತಾನು ತಪ್ಪು ಓದಿ ಟೀಚರಮ್ಮನನ್ನು ಕೊಂದೆ ಎಂದುಕೊಂಡೇ ಆರೂವರೆ ವರ್ಷ ಕಾಫಿ ಕೊಯ್ದಿದ್ದಾಳೆ. ನಿನ್ನೆ ಅವಳು ಹಲಗೆಯಲ್ಲಿ ಓದಿದ್ದೂ ಅದೇ ‘ನೀರು’, ಮೂರು ಸಲ ಕರಿ ಬಳಿಸಿದರೂ ಅಡಗದ್ದು. ಆಗ ಅವಳಿಗೆ ನಿಜ ಹೇಳಿದೆ. ಅವಳು ಬೈಯಲಿಲ್ಲ. “ಹಂಗಾದ್ರೆ ನಾನು ಸರಿಯಾಗೇ ಓದಿದ್ನಾ?” ಎಂದು ಮತ್ತೆ ಮತ್ತೆ ಕೇಳಿದಳು.

ಫಾದರ್ ಹತ್ತಿರ ಒಮ್ಮೆ ಹೇಳಿಕೊಂಡಿದ್ದೆ. ದೇವರಿಗೆ ಇದು ಮೊದಲೇ ಗೊತ್ತು, ಗೊತ್ತಿಲ್ಲದವರಿಗೆ ಹೇಳಿ ಬನ್ನಿ ಎಂದು ಎಬ್ಬಿಸಿ ಕಳಿಸಿದರು. ಅಂದಿನಿಂದ ನಾನು ಪರಮಪ್ರಸಾದ ತೆಗೆದುಕೊಂಡಿಲ್ಲ. ಗುರುವಾರ ಆಫೀಸರ್ ಬಂದಾಗ ಇದನ್ನೇ ಬರೆದು ಸಹಿ ಹಾಕಿ ಕೊಡುತ್ತೇನೆ. ಮುಂದಿನದು ಅವರಿಗೆ ಬಿಟ್ಟದ್ದು. ನೀನು ನನ್ನನ್ನು ಕ್ಷಮಿಸು ಎಂದು ಬರೆಯುತ್ತಿಲ್ಲ, ಅಷ್ಟು ನಾಚಿಕೆ ಇನ್ನೂ ಉಳಿದಿದೆ.

ನೀನು ಕೇಳಿದ್ದೆಯಲ್ಲ, ಹೋಗುವ ಮುಂಚೆ ಏನಾದರೂ ಅಂದಿದ್ದಳಾ ಎಂದು. ಅಂದಿದ್ದರು. ಪಾರ್ವತಮ್ಮ ಅವತ್ತೇ ನನಗೆ ಹೇಳಿದ್ದಳು, ನಾನು ನಿನಗೆ ಮುಟ್ಟಿಸಲಿಲ್ಲ. ಕೊಡ ಸೊಂಟಕ್ಕೆ ಏರಿಸಿಕೊಂಡು ನಗುತ್ತಾ ಅಂದದ್ದಂತೆ: “ನಮ್ಮನೆಯೋರು ಬೆಳಿಗ್ಗೇನೇ ಸಿಡುಕ್ಬುಟ್ರು ಕಣೇ. ಬಿಸಿಬಿಸಿ ಎರಡು ಅಕ್ಕಿರೊಟ್ಟಿ ಹಾಕಿದ್ರೆ ಸರಿಹೋಗ್ತಾರೆ. ಬೇಗ ಹೋಗ್ಬೇಕು, ಹಸ್ಕೊಂಡಿರ್ತಾರೆ.”